ನಾಯಿಗೆ ದಿನಕ್ಕೆ ಎಷ್ಟು ಕ್ಯಾಲೊರಿ ಬೇಕು, ಪೋಷಕಾಂಶ ಸಾಕಾಗುತ್ತಿದೆಯೇ ಎಂದು ತಿಳಿಯುವುದು ಹೇಗೆ?

ನಿಮ್ಮ ನಾಯಿಗೆ 3 ವರ್ಷ, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ತೂಕ 14 ಕೆಜಿ. 12 ಇರಬೇಕಿತ್ತು ಎಂದು ಡಾಕ್ಟರು ಹೇಳಿದ್ದಾರೆ. ಪ್ಯಾಕೆಟ್ ಮೇಲೆ ಬರೆದಷ್ಟು ಕಪ್ ಮಾತ್ರ ಹಾಕುತ್ತಿದ್ದರೂ ದಪ್ಪಗಾಗುತ್ತಿದೆ, ಕಡಿಮೆ ಮಾಡಿದರೆ ಪ್ರೋಟೀನು ಸಾಲದೇ ಹೋದೀತೇನೋ ಎಂಬ ಭಯವೂ ಇದೆ ಎಂದು ಬರೆದಿದ್ದೀರಿ. ನಾನು ಡಾಕ್ಟರಲ್ಲ. ಇದೇ ತೊಂದರೆಯಿದ್ದ ಒಂದು ನಾಯಿಯನ್ನು ಸಾಕಿದವಳು. ಆ ಭಯ ಸರಿಯಾದದ್ದೇ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಲೆಕ್ಕ.

ಸುಮ್ಮನೆ ಮಲಗಿದ್ದರೂ ಉಸಿರಾಟ, ಹೃದಯ, ಮೈಯ ಬಿಸಿ ಇವಕ್ಕೆಲ್ಲ ನಾಯಿಗೆ ಶಕ್ತಿ ಬೇಕು. ಪಶುವೈದ್ಯರು ಲೆಕ್ಕ ಶುರು ಮಾಡುವುದು ಅಲ್ಲಿಂದಲೇ. ಸೂತ್ರ ಇಷ್ಟು: ತೂಕವನ್ನು (ಕೆಜಿಯಲ್ಲಿ) 0.75ರ ಘಾತಕ್ಕೆ ಏರಿಸಿ 70ರಿಂದ ಗುಣಿಸಬೇಕು. ಫೋನಿನ ಕ್ಯಾಲ್ಕುಲೇಟರಿನಲ್ಲಿ ಘಾತದ ಗುಂಡಿ ಇಲ್ಲದಿದ್ದರೂ ನಡೆಯುತ್ತದೆ. ತೂಕದ ಸಂಖ್ಯೆಯನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ, ಬಂದದ್ದಕ್ಕೆ ಎರಡು ಸಲ ವರ್ಗಮೂಲ ತೆಗೆಯಿರಿ. ನಿಮ್ಮ ನಾಯಿ ಇರಬೇಕಾದ ತೂಕ 12. 12 × 12 × 12 ಎಂದರೆ 1728, ಒಂದು ಸಲ ವರ್ಗಮೂಲ ತೆಗೆದರೆ 41.57, ಇನ್ನೊಂದು ಸಲ ತೆಗೆದರೆ 6.45. ಅದನ್ನು 70ರಿಂದ ಗುಣಿಸಿದರೆ ಸುಮಾರು 450 ಕಿಲೊಕ್ಯಾಲೊರಿ. ಪ್ಯಾಕೆಟ್ ಮೇಲೆ, ಮಾತಿನಲ್ಲಿ 'ಕ್ಯಾಲೊರಿ' ಎನ್ನುವುದೆಲ್ಲ ಇದೇ ಕಿಲೊಕ್ಯಾಲೊರಿ.

ಇಷ್ಟು ಸುತ್ತು ಯಾಕೆ, ಕೆಜಿಗೆ ಇಷ್ಟು ಎಂದರೆ ಸಾಲದೇ ಎಂದು ನನಗೂ ಅನ್ನಿಸಿತ್ತು. ಸಾಲದು. ಚಿಕ್ಕ ಮೈಯ ಪ್ರಾಣಿ ಕೆಜಿಯೊಂದಕ್ಕೆ ಹೆಚ್ಚು ಶಕ್ತಿ ಸುಡುತ್ತದೆ. ಇಲಿಯಿಂದ ಎತ್ತಿನವರೆಗೆ ಪ್ರಾಣಿಗಳ ಲೆಕ್ಕ ಹೋಲಿಸಿ ಈ ಮುಕ್ಕಾಲರ ನಿಯಮವನ್ನು ತೋರಿಸಿದವರು ವಿಜ್ಞಾನಿ ಮ್ಯಾಕ್ಸ್ ಕ್ಲೈಬರ್, 1932ರಲ್ಲಿ. 5 ಕೆಜಿ ನಾಯಿಗೆ ಸುಮಾರು 235 ಬೇಕಾದರೆ 40 ಕೆಜಿ ನಾಯಿಗೆ ಸುಮಾರು 1110 ಸಾಕು. ತೂಕ ಎಂಟು ಪಟ್ಟು, ಹಸಿವು ಐದು ಪಟ್ಟೂ ಇಲ್ಲ.

ಈ 450 ಬರೀ ಮಲಗಿದ ನಾಯಿಯದು. ಓಡಾಡುವ ನಾಯಿಗೆ ಇದನ್ನು ಮತ್ತೆ ಗುಣಿಸಬೇಕು. ಸಂತಾನಹರಣವಾದ ವಯಸ್ಕ ನಾಯಿಗೆ ಸಾಮಾನ್ಯವಾಗಿ 1.6, ಆಗದಿದ್ದರೆ 1.8, ಹೆಚ್ಚು ಹೊತ್ತು ಮಲಗಿಯೇ ಇರುವ ನಾಯಿಗೆ 1.2ರಿಂದ 1.4, ತೂಕ ಇಳಿಸಬೇಕಾದ ನಾಯಿಗೆ 1. ನಾಲ್ಕು ತಿಂಗಳೊಳಗಿನ ಮರಿಗೆ 3. ಅಂದರೆ ನಿಮ್ಮದು 12 ಕೆಜಿಗೆ ಬಂದು ನಿಂತ ಮೇಲೆ 720ರ ಆಸುಪಾಸು, ಈಗ ಇಳಿಸುವಾಗ 450ರ ಆಸುಪಾಸು. ಈಗಿನ 14 ಕೆಜಿಯನ್ನೇ ಹಿಡಿದು 1.6ರಿಂದ ಗುಣಿಸಿದ್ದರೆ 810 ಬರುತ್ತಿತ್ತು, ಕೊಬ್ಬಿಗೂ ಊಟ ಹಾಕಿದ ಹಾಗೆ. ಲೆಕ್ಕಕ್ಕೆ ಹಿಡಿಯಬೇಕಾದದ್ದು ಇರಬೇಕಾದ ತೂಕವನ್ನು. ಪ್ಯಾಕೆಟ್ ಮೇಲಿನ ಪಟ್ಟಿ ಆ ತೂಕದ ಎಲ್ಲ ನಾಯಿಗಳಿಗೂ ಬರೆದದ್ದು, ದಿನವಿಡೀ ಓಡುವವಕ್ಕೂ ಸೇರಿಸಿ. ಶಸ್ತ್ರಚಿಕಿತ್ಸೆಯಾದ, ಮನೆಯೊಳಗೇ ಇರುವ ನಾಯಿಗೆ ಅದು ಎಷ್ಟೋ ಸಲ ಜಾಸ್ತಿಯಾಗುತ್ತದೆ.

ಇನ್ನು ಕಪ್ಪಿನ ವಿಷಯ. ನಮ್ಮ ನಾಯಿಗೆ ಆರು ವರ್ಷವಾದಾಗ ಮೆಟ್ಟಿಲ ಬುಡದಲ್ಲಿ ನಿಂತು ನಮ್ಮ ಮುಖ ನೋಡಲು ಶುರುಮಾಡಿತು. ಹತ್ತಲು ಮನಸ್ಸಿತ್ತು, ಹಿಂಗಾಲು ಕೇಳುತ್ತಿರಲಿಲ್ಲ. ಡಾಕ್ಟರು ತೂಕ ನೋಡಿ, "ದಿನಕ್ಕೆ ಎಷ್ಟು ಹಾಕ್ತೀರಮ್ಮಾ?" ಅಂದರು. "ಎರಡು ಕಪ್," ಅಂದೆ. "ಎಷ್ಟು ಗ್ರಾಂ ಅದು?" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಮನೆಗೆ ಬಂದು ಅಡುಗೆಮನೆಯ ತೂಕದ ಯಂತ್ರದ ಮೇಲೆ ಬಟ್ಟಲಿಟ್ಟು, ಅದೇ ಕಪ್ಪಿನಲ್ಲಿ ಮೂರು ಸಲ ತುಂಬಿ ಸುರಿದೆ. ಮೊದಲನೆಯದು 96 ಗ್ರಾಂ, ಎರಡನೆಯದು 109, ಮಗ ತುಂಬಿದ್ದು 121. ಒಣ ಆಹಾರ ಕೆಜಿಗೆ 3500ರಿಂದ 4000 ಕ್ಯಾಲೊರಿ ಇರುವುದು ಸಾಮಾನ್ಯ. ಆ 25 ಗ್ರಾಂ ವ್ಯತ್ಯಾಸ ಎಂದರೆ ಕಪ್ಪಿಗೆ 90 ಕ್ಯಾಲೊರಿ ಹೆಚ್ಚು. ದಿನಕ್ಕೆ ಎರಡು ಕಪ್. ಅಂದಿನಿಂದ ಗ್ರಾಂ ಲೆಕ್ಕದಲ್ಲೇ ಹಾಕಿದ್ದು. ನಿಮಗೂ ಮೊದಲು ಹೇಳುವುದು ಇದನ್ನೇ: ಕಪ್ ಬಿಡಿ, ತೂಗಿ ಹಾಕಿ.

ಆಮೇಲೆ ಒಂದು ವಾರ ನಾಯಿಯ ಬಾಯಿಗೆ ಹೋದದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಿರಿ. ಮನೆಯ ಎಲ್ಲರೂ ಬರೆಯಬೇಕು. ಬಟ್ಟಲಿನ ಊಟವಲ್ಲದ ತಿಂಡಿ ತಿನಿಸು ದಿನದ ಕ್ಯಾಲೊರಿಯ ಹತ್ತರಲ್ಲಿ ಒಂದು ಪಾಲು ದಾಟಬಾರದು ಎಂಬುದು ಪಶುವೈದ್ಯರು ಹೇಳುವ ಮಿತಿ. ನಿಮ್ಮ ನಾಯಿಗೆ ಅದು 45 ಕ್ಯಾಲೊರಿ. ಬೇಯಿಸಿದ ಒಂದು ಮೊಟ್ಟೆಯಲ್ಲೇ 70 ಮೀರುತ್ತದೆ. ಒಂದು ಚಮಚ ಎಣ್ಣೆ ಬೆರೆಸಿದರೆ ಅದೂ ಲೆಕ್ಕವೇ. ಕೊಬ್ಬಿನಲ್ಲಿ ಗ್ರಾಮಿಗೆ ಒಂಬತ್ತರ ಹತ್ತಿರ ಕ್ಯಾಲೊರಿ, ಪ್ರೋಟೀನು ಮತ್ತು ಪಿಷ್ಟದಲ್ಲಿ ನಾಲ್ಕರ ಹತ್ತಿರ. ಮಾತ್ರೆ ನುಂಗಿಸಲು ಸುತ್ತಿ ಕೊಡುವ ಚೀಸಿನ ತುಂಡನ್ನೂ ಬರೆಯಿರಿ. ನಮ್ಮ ಪುಸ್ತಕದಲ್ಲಿ ಮೂರನೇ ದಿನಕ್ಕೇ ವಿಷಯ ಗೊತ್ತಾಯಿತು. ಮನೆಯಲ್ಲಿ ಎಲ್ಲರೂ ಪ್ರೀತಿಯಿಂದ ಒಂದೊಂದು ಚೂರು ಕೊಡುತ್ತಿದ್ದರು, ಆ ಚೂರುಗಳೆಲ್ಲ ಸೇರಿ ಇನ್ನೊಂದು ಹೊತ್ತಿನ ಊಟವಾಗಿತ್ತು.

ಈಗ ನಿಮ್ಮ ಭಯದ ವಿಷಯ, ನನಗೆ ಇದೇ ಮುಖ್ಯ. ಪೋಷಕಾಂಶಗಳ ಪ್ರಮಾಣವನ್ನು ತಯಾರಕರು ಕ್ಯಾಲೊರಿಗೆ ಹೊಂದಿಸಿ ಇಟ್ಟಿರುತ್ತಾರೆ. ಅಮೆರಿಕದಲ್ಲಿ ಪಶು ಆಹಾರಕ್ಕೆ ಮಾನದಂಡ ಹೇಳುವ ಆಫ್ಕೋ ಸಂಸ್ಥೆಯ ಪ್ರಕಾರ ವಯಸ್ಕ ನಾಯಿಯ ಆಹಾರದಲ್ಲಿ 1000 ಕ್ಯಾಲೊರಿಗೆ ಕನಿಷ್ಠ 45 ಗ್ರಾಂ ಪ್ರೋಟೀನು ಇರಬೇಕು. ಕನಿಷ್ಠ ಮಟ್ಟದ ಆಹಾರವನ್ನೇ 720 ಕ್ಯಾಲೊರಿಯಷ್ಟು ಹಾಕಿದರೆ 32 ಗ್ರಾಂ ಸಿಗುತ್ತದೆ. ಅದನ್ನೇ 450ಕ್ಕೆ ಇಳಿಸಿದರೆ ಸಿಗುವುದು 20 ಗ್ರಾಂ ಮಾತ್ರ. ನಾಯಿಗೆ ಬೇಕಾದ ಪ್ರೋಟೀನು ಕಡಿಮೆಯಾಗಲಿಲ್ಲ, ನಾವು ಹಾಕುವುದು ಕಡಿಮೆಯಾಯಿತು. ಜೀವಸತ್ವ, ಖನಿಜಗಳದ್ದೂ ಇದೇ ಕಥೆ. ಆಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಅದಕ್ಕೇ ಮಾಮೂಲಿ ಆಹಾರವನ್ನು ಅರ್ಧಕ್ಕರ್ಧ ಕಡಿತ ಮಾಡಬೇಡಿ. ತೂಕ ಇಳಿಸಲೆಂದೇ ಮಾಡಿದ, ಕ್ಯಾಲೊರಿ ಕಡಿಮೆ ಇದ್ದು ಪ್ರೋಟೀನು, ನಾರು ಹೆಚ್ಚಿರುವ ಆಹಾರ ಇರುತ್ತದೆ. ಯಾವುದು ಆಗಬಹುದೆಂದು ನಿಮ್ಮ ಡಾಕ್ಟರನ್ನು ಕೇಳಿ.

ಪ್ಯಾಕೆಟ್ ಓದುವಾಗ ಎರಡು ವಿಷಯ ನೋಡಿ. 'ಸಂಪೂರ್ಣ ಮತ್ತು ಸಮತೋಲಿತ' ಎಂಬ ಮಾತು ಇದೆಯೇ, ಇದ್ದರೆ ಯಾವ ವಯಸ್ಸಿಗೆ ಎಂಬುದು ಒಂದು. ಇನ್ನೊಂದು, ಶೇಕಡಾ ಲೆಕ್ಕದಲ್ಲಿ ಮೋಸಹೋಗದಿರುವುದು. ಒಣ ಆಹಾರದಲ್ಲಿ ಪ್ರೋಟೀನು 26, ಡಬ್ಬಿಯ ಒದ್ದೆ ಆಹಾರದಲ್ಲಿ 8 ಎಂದಿದ್ದರೆ ಮೊದಲನೆಯದೇ ಮೇಲು ಅನ್ನಿಸುತ್ತದೆ. ನೀರನ್ನು ಕಳೆದು ನೋಡಿ. ಒಣ ಆಹಾರದಲ್ಲಿ 10 ಪಾಲು ನೀರಿದ್ದರೆ 90ರಲ್ಲಿ 26, ಅಂದರೆ 29ರ ಹತ್ತಿರ. ಡಬ್ಬಿಯಲ್ಲಿ 78 ಪಾಲು ನೀರೇ ಇದ್ದರೆ 22ರಲ್ಲಿ 8, ಅಂದರೆ 36. ಹೀಗೆ ನೀರು ಕಳೆದ ಮೇಲೆ ವಯಸ್ಕ ನಾಯಿಗೆ ಕನಿಷ್ಠ 18, ಬೆಳೆಯುವ ಮರಿಗೆ 22.5 ಇರಬೇಕು ಎನ್ನುತ್ತದೆ ಅದೇ ಮಾನದಂಡ.

ಮನೆಯಲ್ಲೇ ಬೇಯಿಸಿ ಹಾಕಬಹುದೇ ಎಂದೂ ಕೇಳಿದ್ದೀರಿ. ಹಾಕಬಹುದು, ಆದರೆ ಅಂದಾಜಿನಲ್ಲಿ ಬೇಡ. ಬರೀ ಮಾಂಸದಲ್ಲಿ ರಂಜಕ ಹೇರಳ, ಸುಣ್ಣದಂಶ ಇಲ್ಲವೆನ್ನುವಷ್ಟು ಕಡಿಮೆ. ಆ ಕೊರತೆ ತುಂಬಲು ಮೈ ತನ್ನ ಮೂಳೆಯಿಂದಲೇ ಸುಣ್ಣ ತೆಗೆಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಪಶುವೈದ್ಯ ಶಾಲೆಯವರು ಮನೆಯಡುಗೆಯ 200 ನಾಯಿ ಆಹಾರದ ಪಾಕವಿಧಾನಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಶೇ. 95ರಲ್ಲಿ ಒಂದಾದರೂ ಅಗತ್ಯ ಪೋಷಕಾಂಶ ಕಡಿಮೆಯಿತ್ತು. ಪ್ರಾಣಿ ಆಹಾರ ತಜ್ಞರು ನಿಮ್ಮ ನಾಯಿಗೆಂದೇ ಬರೆದುಕೊಟ್ಟ ವಿಧಾನವಿದ್ದರೆ ಮಾತ್ರ ಆ ದಾರಿಗೆ ಹೋಗಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಕ್ಸೈಲಿಟಾಲ್ ಸಿಹಿ ಇರುವ ಯಾವುದೂ ಆ ಪಾತ್ರೆಗೆ ಬೀಳಬಾರದು. ಒಂದು ಎಚ್ಚರ: ನಾನು ಹೇಳಿದ್ದೆಲ್ಲ ಆರೋಗ್ಯವಾಗಿರುವ ವಯಸ್ಕ ನಾಯಿಗೆ. ಮರಿ, ಗಬ್ಬದ ನಾಯಿ, ಹಾಲೂಡುವ ತಾಯಿ, ಮೂತ್ರಪಿಂಡದ ಕಾಯಿಲೆ ಇರುವ ನಾಯಿ, ಇವುಗಳ ಲೆಕ್ಕವೇ ಬೇರೆ.

ಸೂತ್ರ ಕೊಡುವುದು ಶುರುಮಾಡಲು ಒಂದು ಸಂಖ್ಯೆ, ಅಷ್ಟೇ. ಒಂದೇ ತೂಕದ ಎರಡು ನಾಯಿಗಳಿಗೂ ಬೇಕಾಗುವುದು ಬೇರೆ ಬೇರೆ. ಸರಿಯಾಯಿತೋ ಇಲ್ಲವೋ ಎಂದು ಹೇಳುವುದು ನಿಮ್ಮ ಕೈ. ಅಂಗೈ ಕೆಳಮುಖವಾಗಿ ಚಾಚಿ, ಇನ್ನೊಂದು ಕೈಯ ಬೆರಳುಗಳನ್ನು ಹಿಂಗೈಯ ಮೂಳೆಗಳ ಮೇಲೆ ಆಡಿಸಿ. ಮೂಳೆ ಕಾಣಿಸುವುದಿಲ್ಲ, ಆದರೆ ಒತ್ತದೆಯೇ ಸಿಗುತ್ತದೆ. ನಾಯಿಯ ಪಕ್ಕೆಲುಬು ಹಾಗೆ ಸಿಗಬೇಕು. ಮುಷ್ಟಿ ಹಿಡಿದಾಗಿನ ಗೆಣ್ಣುಗಳ ಹಾಗೆ ಎದ್ದು ನಿಂತಿದ್ದರೆ ಬಡಕಲು. ಕೈ ಮಗುಚಿ ಅಂಗೈ ಕಡೆಯಿಂದ ಬೆರಳಿನ ಬುಡ ಮುಟ್ಟಿದ ಹಾಗೆ, ಒತ್ತಿ ಹುಡುಕಬೇಕಾದರೆ ದಪ್ಪ. ಕೂದಲು ದಟ್ಟವಾಗಿದ್ದರೆ ಕಣ್ಣಿಗಿಂತ ಈ ಕೈಯನ್ನೇ ನಂಬಿ. ನಾನು ಪ್ರತಿ ಭಾನುವಾರ ಬೆಳಿಗ್ಗೆ, ಊಟಕ್ಕೆ ಮುಂಚೆ, ಮುಟ್ಟಿ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದೆ.

ತೂಕ ಇಳಿಯಬೇಕಾದದ್ದು ವಾರಕ್ಕೆ ಶೇ. 1ರಿಂದ 2, ಅಂದರೆ ನಿಮ್ಮದಕ್ಕೆ 140ರಿಂದ 280 ಗ್ರಾಂ. ಎರಡು ವಾರ ಬಿಟ್ಟು ಅದೇ ಯಂತ್ರದಲ್ಲಿ ತೂಗಿ. 13.4ರಿಂದ 13.7ರೊಳಗೆ ಬಂದಿದ್ದರೆ ಹಾಗೇ ಮುಂದುವರಿಸಿ. ಅದಕ್ಕಿಂತ ಬೇಗ ಇಳಿದಿದ್ದರೆ ಊಟ ಸ್ವಲ್ಪ ಹೆಚ್ಚಿಸಿ. ತೂಗಿ ಹಾಕಿ, ಬರೆದಿಟ್ಟೂ ಇಳಿಯದಿದ್ದರೆ ಇನ್ನಷ್ಟು ಕಡಿತ ಮಾಡುವ ಮೊದಲು ಆ ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋಗಿ, ಥೈರಾಯ್ಡ್ ಪರೀಕ್ಷೆ ಬೇಕೇ ಎಂದು ಕೇಳಿ.