ಬಿಸಿಲಿನಿಂದ ಸವಳು ನೀರು ಸಿಹಿಯಾದೀತೇ?

ಪ್ರಶ್ನೆ: ನಮ್ಮೂರ ಬೋರಿನ ನೀರು ಸವಳು. ಶುದ್ಧ ಕುಡಿಯುವ ನೀರಿನ ಘಟಕ ಇದೆ, ಆದರೆ ಅದು ಹೊರಗೆ ಬಿಡುವ ನೀರಿನ ಟಿಡಿಎಸ್ (ಕರಗಿದ ಲವಣ) ಲೀಟರಿಗೆ 4,500 ಮಿಲಿಗ್ರಾಂ ಅಂತೆ, ಎಲ್ಲಾ ಗಟಾರಕ್ಕೆ ಹೋಗುತ್ತದೆ. ಕಪ್ಪು ಸ್ಪಂಜಿನಂಥ ವಸ್ತು ತೇಲಿಬಿಟ್ಟರೆ ಎಂಥ ಉಪ್ಪುನೀರೂ ಬಿಸಿಲಿಗೇ ಶುದ್ಧವಾಗುತ್ತದೆ ಎಂದು ಓದಿದೆ. ನಿಜಾನಾ? ಮಾಳಿಗೆ ಮೇಲೆ ಮಾಡಬಹುದಾ?
– ಓದುಗರು, ಇಂಡಿ ತಾಲ್ಲೂಕು, ವಿಜಯಪುರ

ಉತ್ತರ: ನಿಜ. ಆದರೆ ಊರಿಗೆ ಸಾಲುವಷ್ಟು ನೀರು ಸಿಗುತ್ತದೆ ಅಂತ ಮಾತ್ರ ನಂಬಬೇಡಿ.

ತೊಟ್ಟಿಯ ನೀರು ಬಿಸಿಲಿಗೆ ಕಾಯುವಾಗ ತಳದವರೆಗೂ ಕಾಯಬೇಕು, ಬಹಳಷ್ಟು ಕಾವು ಅಲ್ಲೇ ಹೋಗುತ್ತದೆ. ಈ ಕಪ್ಪು ವಸ್ತು ಮೇಲೆ ತೇಲುತ್ತದೆ, ದೀಪದ ಬತ್ತಿ ಎಣ್ಣೆ ಎಳೆದಂತೆ ಕೆಳಗಿನಿಂದ ಸ್ವಲ್ಪ ಸ್ವಲ್ಪವೇ ನೀರು ಎಳೆದುಕೊಂಡು ಆ ತೆಳು ಪದರವನ್ನಷ್ಟೇ ಕಾಯಿಸುತ್ತದೆ. ಇದ್ದಿಲಾಗಿಸಿದ ಕಟ್ಟಿಗೆ, ಗ್ರಾಫೀನ್ (ಇಂಗಾಲದ ಅತಿ ತೆಳು ಹಾಳೆ), ಹೈಡ್ರೋಜೆಲ್ (ನೀರು ಹೀರಿ ಉಬ್ಬುವ ಮೆತ್ತನೆ ವಸ್ತು) ಎಲ್ಲದರಲ್ಲೂ ಮಾಡಿ ನೋಡಿದ್ದಾರೆ. ತೊಡಕು ಇರುವುದು ಉಪ್ಪಿನಲ್ಲಿ. ನೀರು ಆರಿದಂತೆಲ್ಲ ಅಂಚಿನಲ್ಲಿ ಮೊದಲು ಬಿಳಿ ಗೆರೆ ಮೂಡುತ್ತದೆ, ಆಮೇಲೆ ಹರಳು ಕಟ್ಟುತ್ತದೆ, ಕೊನೆಗೆ ಕಪ್ಪೆಲ್ಲ ಬೆಳ್ಳಗಾಗಿ ಬಿಸಿಲನ್ನೇ ಹೀರುವುದಿಲ್ಲ. ಅದಕ್ಕೇ ಈಗ ಉಪ್ಪು ದೊಡ್ಡ ರಂಧ್ರಗಳಲ್ಲಿ ಕೆಳಗಿಳಿದು ಮತ್ತೆ ನೀರಿಗೇ ಸೇರುವ ಹಾಗೆ, ಇಲ್ಲವೇ ಅಂಚಿನಲ್ಲಷ್ಟೇ ಕಟ್ಟಿ ತಾನಾಗಿ ಉದುರುವ ಹಾಗೆ ಮಾಡುತ್ತಿದ್ದಾರೆ. ನನಗೆ ಇದರಲ್ಲಿ ತುಂಬಾ ಇಷ್ಟವಾದ ಕೆಲಸ ಇದೇ.

ಈಗ ಲೆಕ್ಕ. ಒಂದು ಲೀಟರ್ ನೀರು ಆವಿಯಾಗಲು ಕರೆಂಟ್ ಬಿಲ್ಲಿನ ಒಂದು ಯೂನಿಟ್‌ನ ಮೂರರಲ್ಲಿ ಎರಡು ಪಾಲು ಶಕ್ತಿ ಬೇಕು. ನಮ್ಮ ಕಡೆ ಒಂದು ಚದರ ಮೀಟರಿಗೆ ದಿನಕ್ಕೆ 5ರಿಂದ 6 ಯೂನಿಟ್ ಬಿಸಿಲು ಬೀಳುತ್ತದೆ. ಒಂದಿಷ್ಟೂ ಪೋಲಾಗದಿದ್ದರೆ ಏಳೂವರೆಯಿಂದ 9 ಲೀಟರ್. ಆದರೆ ಆವಿಯನ್ನು ಗಾಜಿನಡಿ ಹಿಡಿದು ತಣಿಸಬೇಕಲ್ವಾ, ಅಲ್ಲಿ ಪೋಲಾಗಿ ಕೈಗೆ ಸಿಗುವುದು ಅರ್ಧದಷ್ಟೇ. ಆವಿ ತಣಿಯುವಾಗ ಬಿಡುವ ಕಾವನ್ನೇ ಕೆಳಗಿನ ಪದರಕ್ಕೆ ಕೊಟ್ಟರೆ ಜಾಸ್ತಿ ಸಿಗುತ್ತದೆ, ಖರ್ಚೂ ಜಾಸ್ತಿ. ಈಗಿನ ಚಿಲಿಯ ಲಾಸ್ ಸಲಿನಾಸ್ ಗಣಿಯಲ್ಲಿ 1872ರಲ್ಲೇ ಗಾಜು ಹೊದಿಸಿದ ಮರದ ತೊಟ್ಟಿಗಳಲ್ಲಿ ಹೀಗೆ ನೀರು ತೆಗೆಯುತ್ತಿದ್ದರು, ಅಲ್ಲಿನ ನೀರಲ್ಲಿ ಲೀಟರಿಗೆ 140 ಗ್ರಾಂ ಉಪ್ಪಿತ್ತು, ಅಂದರೆ ಸಮುದ್ರದ ನಾಲ್ಕು ಪಟ್ಟು! ದಿನಕ್ಕೆ ಸಿಗುತ್ತಿದ್ದುದು 20,000 ಲೀಟರ್‌ಗೂ ಜಾಸ್ತಿ, ಆದರೆ ಅದಕ್ಕೆ ಒಂದು ಎಕರೆಗೂ ಜಾಸ್ತಿ ಗಾಜು ಬೇಕಾಗಿತ್ತು.

ಉಪ್ಪು ಲೀಟರಿಗೆ 70 ಗ್ರಾಂ ದಾಟಿದರೆ ಮಾಮೂಲಿ ಆರ್‌ಒ (ಒತ್ತಡ ಹಾಕಿ ಪೊರೆಯಲ್ಲಿ ನೀರು ಸೋಸುವ ಯಂತ್ರ) ಸೋಲುತ್ತದೆ, ಈ ವಸ್ತುಗಳಿಗೆ ಕೆಲಸ ಇರುವುದು ಅಲ್ಲಿ. ನಿಮ್ಮ ಘಟಕ ಹೊರಗೆ ಬಿಡುವ ನೀರಲ್ಲಿ ಇರುವುದು ನಾಲ್ಕೂವರೆ ಗ್ರಾಂ, ಅದಕ್ಕೆ ಇದೆಲ್ಲ ಬೇಕಿಲ್ಲ. ಅದನ್ನು ಶೌಚಾಲಯಕ್ಕೆ, ನೆಲ ತೊಳೆಯಲು ಬಳಸಿ.

ಮಾಳಿಗೆ ಮೇಲೆ ಮಾಡಿ ನೋಡುವ ಆಸೆಯಿದ್ದರೆ ಖಂಡಿತ ಮಾಡಿ. ಥರ್ಮಾಕೋಲ್ ಹಲಗೆಗೆ ಕಪ್ಪು ಹತ್ತಿ ಬಟ್ಟೆ ಸುತ್ತಿ, ಅಂಚು ನೀರಿಗೆ ಇಳಿಬಿಟ್ಟು, ಮೇಲೆ ಗಾಜನ್ನು ಓರೆಯಾಗಿಡಿ, ಮಕ್ಕಳೂ ನೋಡಲಿ. ಉಳಿದ ಉಪ್ಪನ್ನು ಮಾತ್ರ ಅಡುಗೆಗೆ ಬಳಸಬೇಡಿ, ದನಕ್ಕೂ ಹಾಕಬೇಡಿ, ಬೋರಿನ ಫ್ಲೋರೈಡ್, ನೈಟ್ರೇಟ್ ಎಲ್ಲಾ ಅದರಲ್ಲೇ ಉಳಿದಿರುತ್ತದೆ. ಹೊಲಕ್ಕಂತೂ ಬೇಡವೇ ಬೇಡ. ಸೋಡಿಯಂ ಜಾಸ್ತಿಯಾದರೆ ಎರೆ ಭೂಮಿ ಬಿಗಿದುಕೊಂಡು ನೀರೇ ಇಂಗುವುದಿಲ್ಲ.