ಇವಾ ಟರ್ನರ್ ‘ತುರಾಂದೋತ್’ ಬಿಟ್ಟು ಬೇರೇನೂ ಹಾಡಲಿಲ್ಲವೇ?

ಇಂಗ್ಲಿಷ್ ಸೊಪ್ರಾನೋ (ಎತ್ತರದ ಸ್ತ್ರೀಕಂಠದ ಗಾಯಕಿ) ಇವಾ ಟರ್ನರ್ ಹೆಸರು ಬಂದಾಗಲೆಲ್ಲ ಪುಚ್ಚಿನಿಯ ಒಪೆರಾ (ಸಂಗೀತ ನಾಟಕ) ‘ತುರಾಂದೋತ್’ ಒಂದನ್ನೇ ಹೇಳುತ್ತಾರಲ್ಲ, ಬೇರೇನೂ ಹಾಡಲಿಲ್ಲವೇ ಎಂದು ಕೇಳಿದ್ದೀರಿ. ಧಾರಾಳವಾಗಿ ಹಾಡಿದ್ದಾರೆ. ಆದರೆ ನನಗೂ ಅವರ ಪರಿಚಯವಾದದ್ದು ಆ ಪಾತ್ರದಿಂದಲೇ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ. (ಹೆಸರಿನ ಕೊನೆಯ ‘ತ್’ ಅನ್ನು ಟರ್ನರ್ ಉಚ್ಚರಿಸುತ್ತಲೇ ಇರಲಿಲ್ಲ. ನಾನು ಬರೆಯುವ ರೂಢಿಗೆ ಅಂಟಿಕೊಂಡಿದ್ದೇನೆ.)

ಮೊದಲ ಅಂಕದಲ್ಲಿ ರಾಜಕುಮಾರಿ ತುರಾಂದೋತ್ ಕಾಣಿಸಿಕೊಂಡು ಹೋಗುತ್ತಾಳೆ, ಒಂದು ಸ್ವರವನ್ನೂ ಹಾಡುವುದಿಲ್ಲ. ಎರಡನೆಯ ಅಂಕದಲ್ಲಿ ಬಾಯಿ ತೆರೆದವಳೇ ‘ಇನ್ ಕ್ವೆಸ್ತಾ ರೆಜ್ಜಾ’ ಎಂಬ ಹಾಡನ್ನು ಎತ್ತಿಕೊಳ್ಳಬೇಕು. ಗಂಟಲು ಹದಗೊಳ್ಳಲು ಪುರಸೊತ್ತಿಲ್ಲ. ಟರ್ನರ್ 1928ರಲ್ಲಿ ಕೊಲಂಬಿಯಾ ಕಂಪನಿಗಾಗಿ ಹಾಡಿದ ಇದರ ಮುದ್ರಿಕೆಯನ್ನು ನಾನು ಕೇಳಿದ್ದು ಒಂದು ರಾತ್ರಿ, ಇಯರ್‌ಫೋನ್ ಹಾಕಿಕೊಂಡು. ‘ಒಗಟುಗಳು ಮೂರು, ಸಾವು ಒಂದೇ’ ಎಂಬ ಸಾಲು ಮೇಲೇರುವಾಗ ಬೆರಳು ತಾನಾಗಿ ವಾಲ್ಯೂಮ್ ಗುಂಡಿಗೆ ಹೋಯಿತು. ಆ ಎತ್ತರದಲ್ಲಿ ಅನೇಕರ ಸ್ವರ ಒಡೆಯುತ್ತದೆ, ಇಲ್ಲವೇ ತೂಗಾಡುತ್ತದೆ. ಇವರದು ಬಿಗಿದು ಕಟ್ಟಿದ ತಂತಿ.

ಈ ಗಂಟಲು ತಯಾರಾದದ್ದು ದೊಡ್ಡ ರಂಗಮಂದಿರಗಳಲ್ಲಿ ಅಲ್ಲ. 1892ರಲ್ಲಿ ಹತ್ತಿ ಗಿರಣಿಗಳ ಊರು ಓಲ್ಡಮ್‌ನಲ್ಲಿ ಹುಟ್ಟಿ, ಬ್ರಿಸ್ಟಲ್‌ನಲ್ಲಿ ಬೆಳೆದು, ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಕಲಿತು, 1915ರಲ್ಲಿ ಕಾರ್ಲ್ ರೋಸಾ ಎಂಬ ಊರೂರು ತಿರುಗುವ ಒಪೆರಾ ಕಂಪನಿಯ ಮೇಳಕ್ಕೆ ಸೇರಿದರು. ಸಣ್ಣ ಪಾತ್ರಗಳಿಂದ ಆಯಿದಾ, ಟೋಸ್ಕಾ, ಬ್ರುನ್‌ಹಿಲ್ಡೆಯಂಥ ನಾಯಕಿಯ ಪಾತ್ರಗಳವರೆಗೆ ಬೆಳೆದದ್ದು ಅಲ್ಲೇ, ಅದೂ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಇಂದು ಒಂದು ಸ್ಪರ್ಧೆ ಗೆದ್ದವರನ್ನು ಮರುವರ್ಷವೇ ಭಾರೀ ಪಾತ್ರಕ್ಕೆ ದೂಡುವುದನ್ನು ಕಂಡಾಗ ನನಗೆ ಕಾರ್ಲ್ ರೋಸಾದಲ್ಲಿ ಕಳೆದ ಆ ಒಂಬತ್ತು ವರ್ಷ ನೆನಪಾಗುತ್ತದೆ.

1924ರಲ್ಲಿ ಕಂಪನಿ ಲಂಡನ್ನಿನ ಸ್ಕಾಲಾ ಥಿಯೇಟರಿನಲ್ಲಿದ್ದಾಗ ಮಿಲಾನಿನ ಸಂಗೀತ ನಿರ್ದೇಶಕ ಟೊಸ್ಕನಿನಿಯ ಸಹಾಯಕ ಪನಿಜ್ಜಾ ಇವರು ಹಾಡಿದ ಪುಚ್ಚಿನಿಯ ‘ಮದಾಮಾ ಬಟರ್‌ಫ್ಲೈ’ ಕೇಳಿ, ಮಿಲಾನಿಗೆ ಹೋಗಿ ಎಂದರು. ಹೀಗೆ ಒಂದು ಸ್ಕಾಲಾದಿಂದ ಅಸಲಿ ಸ್ಕಾಲಾಕ್ಕೆ, ಅಂದರೆ ಮಿಲಾನಿನ ಹೆಸರಾಂತ ಒಪೆರಾ ಮಂದಿರಕ್ಕೆ! ಅಲ್ಲಿ ಮೊದಲು ಸಿಕ್ಕಿದ್ದು ವಾಗ್ನರನ ಒಪೆರಾದ ಫ್ರೈಯಾ ಪಾತ್ರ. 1926ರ ಏಪ್ರಿಲ್‌ನಲ್ಲಿ ‘ತುರಾಂದೋತ್’ ಮೊದಲ ಬಾರಿ ರಂಗಕ್ಕೆ ಬಂದಾಗ ಹಾಡಿದವರು ರೋಸಾ ರೈಸಾ, ಟರ್ನರ್ ಪ್ರೇಕ್ಷಕರ ನಡುವೆ ಕುಳಿತಿದ್ದರು. ಅದೇ ಡಿಸೆಂಬರಿನಲ್ಲಿ ಬ್ರೆಷಿಯಾದಲ್ಲಿ ತಾವೇ ಹಾಡಿದರು.

ಕಛೇರಿ ವೇದಿಕೆಯ ಟರ್ನರ್ ಬೇಕಿದ್ದರೆ ಇಂಗ್ಲಿಷ್ ಸಂಗೀತ ರಚನಕಾರ ವಾನ್ ವಿಲಿಯಮ್ಸ್ 1938ರಲ್ಲಿ ಹದಿನಾರು ಗಾಯಕರಿಗಾಗಿ ಬರೆದ ‘ಸೆರೆನೇಡ್ ಟು ಮ್ಯೂಸಿಕ್’ ಕೇಳಿ. ಪ್ರತಿ ಗಾಯಕರ ಪಾಲಿನ ಎದುರು ಅವರ ಹೆಸರಿನ ಮೊದಲಕ್ಷರಗಳನ್ನೇ ಸ್ವರಲಿಪಿಯಲ್ಲಿ ಗುರುತಿಸಿದ್ದಾರೆ. ಆ ಹದಿನಾರರಲ್ಲಿ ಇವರೂ ಒಬ್ಬರು.

1948ರ ನಂತರ ಪಾಠ ಹೇಳಲು ತೊಡಗಿದರು. ಅಮೆರಿಕದ ಓಕ್ಲಹೋಮಾ ವಿಶ್ವವಿದ್ಯಾಲಯದಲ್ಲಿ ಹತ್ತಿರ ಹತ್ತು ವರ್ಷ, ಬಳಿಕ ತಾವು ಕಲಿತ ಅಕಾಡೆಮಿಯಲ್ಲೇ. 1962ರಲ್ಲಿ ಬ್ರಿಟನ್ನಿನ ಗೌರವವಾದ ‘ಡೇಮ್’ ಬಿರುದು ಬಂತು. 98 ವರ್ಷ ಬದುಕಿದರು. ಏಮಿ ಶುವಾರ್ಡ್, ರೀಟಾ ಹಂಟರ್ ಇವರ ಶಿಷ್ಯೆಯರು. ಇಬ್ಬರೂ ಮುಂದೆ ತುರಾಂದೋತ್ ಹಾಡಿದರು.