ಸುಮ್ಮನೆ ತಲೆಯಾಡಿಸಬೇಡ

ಸ್ಟಟ್‌ಗಾರ್ಟ್‌ಗೆ ಬಂದು ಎರಡು ತಿಂಗಳಾಯಿತು, ಕಚೇರಿಯಲ್ಲಿ ಇಂಗ್ಲಿಷ್ ಸಾಕು, ಜರ್ಮನ್‌ನಲ್ಲಿ ಬಾಯಿ ತೆರೆದರೆ ದಡ್ಡಿಯಂತೆ ಕಾಣುತ್ತೇನೆ, ಆದರೂ ಕಲಿಯಲೇಬೇಕೇ ಅಕ್ಕಾ ಎಂದು ಕೇಳಿದ್ದೀಯ. ಮನೆ, ಚಳಿ, ಅಡುಗೆಯ ಸಾಮಾನಿನ ಬಗ್ಗೆಯೂ ಕೇಳಿದ್ದೀಯ. ಮನೆ ಸಿಗುವುದು ತಡವಾಗುತ್ತದೆ. ಕೋಟನ್ನು ಇಲ್ಲಿಯೇ ಕೊಂಡುಕೋ. ಬ್ಯಾಡಗಿ ಮೆಣಸಿನಪುಡಿ ಮಾತ್ರ ಊರಿನದೇ ಆಗಬೇಕು. ಇನ್ನು ಭಾಷೆಯ ಮಾತು.

ನಾನು ಬಂದದ್ದು 2006ರಲ್ಲಿ, ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್‌ನ ಮೊದಲ ಹಂತವಾದ ಎ1 ಮುಗಿಸಿಕೊಂಡು. ದಾವಣಗೆರೆಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ನನ್ನನ್ನೇ ಕಳಿಸುತ್ತಿದ್ದರು. ಇಲ್ಲಿ ಬೇಕರಿಗೆ ಹೋಗುವ ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಬಾಯಿಪಾಠ ಮಾಡುತ್ತಿದ್ದೆ. ವೈದ್ಯರು ‘ಹಾಲ್ಪ್ ತ್ಸೇನ್’ಗೆ, ಅಂದರೆ ‘ಅರ್ಧ ಹತ್ತು’ ಗಂಟೆಗೆ, ಬರಹೇಳಿದರೆ ಹತ್ತೂವರೆಗೆ ಹೋದೆ, ಇವರ ಲೆಕ್ಕದಲ್ಲಿ ಅದು ಒಂಬತ್ತೂವರೆ. ಅಂಥ ನಾಚಿಕೆಗಳು ವಾರದಲ್ಲಿ ಮರೆತುಹೋಗುತ್ತವೆ.

ಮರೆಯದ್ದು ಒಂದಿದೆ. ನಾಲ್ಕನೆಯ ತರಗತಿಯಲ್ಲೇ ಮಗು ಮುಂದೆ ನೇರ ವಿಶ್ವವಿದ್ಯಾಲಯದ ದಾರಿ ಹಿಡಿಸುವ ಗಿಮ್ನಾಜಿಯುಮ್‌ಗೆ ಹೋಗಬೇಕೋ ಅದಕ್ಕಿಂತ ಕೆಳಹಂತದ ರೆಯಾಲ್‌ಶೂಲೆಗೋ ಎಂದು ಶಾಲೆ ಶಿಫಾರಸು ಮಾಡುತ್ತದೆ. ನನ್ನ ಮಗಳ ಕಾಲದಲ್ಲಿ ಈ ರಾಜ್ಯದಲ್ಲಿ ಅದು ಬಹುಮಟ್ಟಿಗೆ ಕೊನೆಯ ಮಾತು. ಶಿಕ್ಷಕಿ, ಇವಳು ತರಗತಿಯಲ್ಲಿ ಬಾಯಿಯೇ ಬಿಡುವುದಿಲ್ಲ, ರೆಯಾಲ್‌ಶೂಲೆಯೇ ಸರಿ ಎಂದರು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾಳೆ, ಸಂಕೋಚಕ್ಕೆ ಸುಮ್ಮನಿದ್ದಾಳೆ, ಇನ್ನೊಂದು ವರ್ಷ ನೋಡಿ ಎಂದು ಹೇಳಬೇಕಿತ್ತು. ಕನ್ನಡದಲ್ಲಿ ಎಲ್ಲವೂ ನಾಲಿಗೆಯ ತುದಿಗೆ ಬಂದಿತ್ತು. ಹೊರಟದ್ದು ‘ಯಾ, ಯಾ, ಗೂಟ್’, ಹೌದು ಹೌದು, ಒಳ್ಳೆಯದು. ಮೇಷ್ಟರ ಮುಂದೆ ತಲೆಯಾಡಿಸುವುದು ನಮ್ಮಲ್ಲಿ ಮರ್ಯಾದೆ, ನಿನಗೆ ಗೊತ್ತು. ಅವರಿಗೆ ಅದು ಒಪ್ಪಿಗೆ. ಪಕ್ಕದಲ್ಲಿದ್ದ ಮಗಳಿಗೆ ಎಲ್ಲವೂ ಅರ್ಥವಾಗಿತ್ತು. ನಾನೇನು ಹೇಳುತ್ತೇನೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು. ಮುಂದೆ ಅವಳು ಸುತ್ತುದಾರಿಯಲ್ಲಿ ಎಂಜಿನಿಯರ್ ಆದಳು, ನನಗೆ ಹೆಮ್ಮೆಯಿದೆ. ಆ ನೋಟ ಮಾತ್ರ ಹೋಗಿಲ್ಲ. ಆ ವರ್ಷ ಅಮ್ಮನ ಜೊತೆ ಫೋನಿನಲ್ಲಿ ಕನ್ನಡ ಮಾತಾಡುವಾಗಲೂ ನನ್ನ ದನಿ ಇಳಿದಿತ್ತು.

ಆದ್ದರಿಂದ ‘ಇಶ್ ಬಿನ್ ನಿಶ್ಟ್ ಐನ್‌ಫೆರ್‌ಶ್ಟಾಂಡೆನ್’, ನಾನು ಒಪ್ಪುವುದಿಲ್ಲ, ಎಂಬುದನ್ನು ಮೊದಲು ಕಲಿ. ಬ್ರೆಡ್ಡನ್ನು ಬೆರಳು ತೋರಿಸಿಯೂ ಕೊಳ್ಳಬಹುದು. ವಯಸ್ಕರ ಕಲಿಕಾ ಕೇಂದ್ರವಾದ ಫೋಲ್ಕ್ಸ್‌ಹೋಖ್‌ಶೂಲೆಯ ಸಂಜೆ ತರಗತಿಗೆ ಈ ತಿಂಗಳೇ ಸೇರು. ಓದಿದ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿಯಾದ ಬ್ಲೂ ಕಾರ್ಡ್ ಇದ್ದರೆ, ಭಾಷೆಯ ಮೂರನೆಯ ಹಂತವಾದ ಬಿ1 ಮುಗಿಸಿದವರಿಗೆ 21 ತಿಂಗಳಲ್ಲೇ ಕಾಯಂ ವಾಸದ ಪರವಾನಗಿಗೆ ದಾರಿಯಿದೆ, ಅದೂ ಇರಲಿ. ಇಂಗ್ಲಿಷಿನಿಂದ ತರ್ಜುಮೆ ಮಾಡಬೇಡ. ‘ವೈಲ್’, ಏಕೆಂದರೆ, ಎಂದು ಕಾರಣ ಹೇಳಹೊರಟರೆ ಕ್ರಿಯಾಪದ ಕೊನೆಗೆ ಹೋಗುತ್ತದೆ, ನಮ್ಮ ಕನ್ನಡದಂತೆಯೇ. ಇದನ್ನು ಕಂಡುಕೊಂಡ ದಿನ ನನ್ನ ಉಸಿರು ಹಗುರವಾಗಿತ್ತು.

ಶನಿವಾರ ಮನೆಗೆ ಬಾ. ಒಗ್ಗರಣೆ ಮಂಡಕ್ಕಿ ಮಾಡಿರುತ್ತೇನೆ. ತಟ್ಟೆ ಖಾಲಿಯಾಗುವವರೆಗೆ ಜರ್ಮನ್, ಆಮೇಲೆ ಎಷ್ಟು ಹೊತ್ತಾದರೂ ಕನ್ನಡ.